ಕೆಚ್ಚಲು ಬಾಟ್ಲಿ

ನನ್ನ ಹಳೆಯ ಕಾರ್ಖಾನೆಯ ಮೇಡಂ ತೀರಿಕೊಂಡ ಸುದ್ದಿ ತಿಳಿದು ಆರ್.ಟಿ. ನಗರದ ಅವರ ಮನೆಗೆ ಹೋದಾಗ ಹಜಾರದ ತುಂಬ ಹೆಂಗಸರು ಕೂತಿದ್ದರು. ನನ್ನ ಪಕ್ಕದಲ್ಲಿದ್ದ ನೆರೆಮನೆಯಾಕೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, "ಪಾಪ, ಒಂಟಿ ಜೀವ. ಗಂಡ ಇಲ್ಲ, ಮಕ್ಕಳಿಲ್ಲ. ಬರೀ ಬಾಟ್ಲಿ ಬಾಟ್ಲಿ ಅಂತಾನೇ ಕಾಲ ಕಳೆದುಬಿಟ್ರು," ಎಂದರು. ಸಾವಿನ ಮನೆಯಲ್ಲಿ ಜಗಳ ಬೇಡವೆಂದು ನಾನು ಸುಮ್ಮನಿದ್ದೆ. ಅವರಾಗಿದ್ದರೆ ಸುಮ್ಮನಿರುತ್ತಿರಲಿಲ್ಲ. ತಮ್ಮನ್ನು ನೋಡಿ ಯಾರಾದರೂ 'ಪಾಪ' ಎಂದರೆ ಸಾಕು, ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಅಲ್ಲಿ ನಾನು ನುಂಗಿಕೊಂಡು ಬಂದದ್ದನ್ನು ಇಲ್ಲಿ ಹೇಳಿಬಿಡುತ್ತೇನೆ.

ಎಂಬತ್ತರ ದಶಕದಲ್ಲಿ ನಾವಿಬ್ಬರೂ ಯಶವಂತಪುರದ ಒಂದು ಪ್ಲಾಸ್ಟಿಕ್ ಬಾಟ್ಲಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆವು. ಬಾಟ್ಲಿ ಹೇಗಿರಬೇಕೆಂದು ನಕ್ಷೆ ಬರೆಯುವವರು ಅವರು. ಅಚ್ಚಿನಿಂದ ಹೊರಬಂದ ಬಾಟ್ಲಿ ಎಷ್ಟು ತಡೆಯುತ್ತದೆಂದು ಪರೀಕ್ಷಿಸುವವಳು ನಾನು. ಇಡೀ ಕಾರ್ಖಾನೆಯಲ್ಲಿ ಆಗ ಹೆಂಗಸರೆಂದರೆ ನಾವಿಬ್ಬರೇ. ನಾನು ಯಲಹಂಕದಿಂದ ಬರುತ್ತಿದ್ದೆ, ಅವರು ಎರಡು ಬಸ್ಸು ಬದಲಿಸಿ ಆರ್.ಟಿ. ನಗರದಿಂದ ಬರುತ್ತಿದ್ದರು. ಎತ್ತರದ ಆಳು. ಗಂಜಿ ಹಾಕಿದ ಹತ್ತಿ ಸೀರೆ, ಅದರ ಮೇಲೆ ಬಿಳಿ ಕೋಟು. ಕೋಟಿನ ಜೇಬಿನಲ್ಲಿ ದಪ್ಪ ಅಳೆಯುವ ಕ್ಯಾಲಿಪರ್. ಊಟಕ್ಕೆ ಕೂತಾಗ ನನ್ನ ಡಬ್ಬಿಯ ಚಪಾತಿಯನ್ನೂ ಅದರಿಂದ ಅಳೆದು, "ಅಂಚು ದಪ್ಪ, ನಡು ತೆಳ್ಳಗೆ. ನಿಮ್ಮ ಅತ್ತೆ ಲಟ್ಟಿಸಿದ್ದಾ, ನೀವಾ?" ಎಂದು ಕೇಳುತ್ತಿದ್ದರು. ಮುಖ ನೋಡಿದರೆ ತಮಾಷೆಯೋ ನಿಜವೋ ತಿಳಿಯುತ್ತಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ದಿನ "ಮೇಡಂ, ನಿಮಗೂ ಟೀ ತರಿಸ್ಲಾ?" ಎಂದು ಕೇಳಿದೆ. ಅವರು ನಕ್ಷೆಯಿಂದ ತಲೆಯೆತ್ತದೆ "ನಕ್ಕೋ" ಎಂದರು. ನನಗೆ ಗಾಬರಿಯಾಯಿತು. ಹೊಸ ಜಾಗ, ಹಿರಿಯರು ನಕ್ಕೋ ಎನ್ನುತ್ತಿದ್ದಾರೆ. ಬಲವಂತವಾಗಿ ಹಲ್ಲು ಬಿಟ್ಟು ನಕ್ಕೆ.

"ಯಾಕ್ರೀ ನಗ್ತಿದೀರಾ?"

"ನೀವೇ ನಕ್ಕೋ ಅಂದ್ರಲ್ಲ ಮೇಡಂ."

ಅವರು ಪೆನ್ಸಿಲ್ ಕೆಳಗಿಟ್ಟು ನಕ್ಷೆಯ ಬೋರ್ಡು ಅಲ್ಲಾಡುವಂತೆ ನಕ್ಕರು. ಅವರ ಮನೆಯಲ್ಲಿ ಆಡುವ ದಖನಿ ಉರ್ದುವಿನಲ್ಲಿ ನಕ್ಕೋ ಎಂದರೆ 'ಬೇಡ' ಎಂದು ಆಮೇಲೆ ತಿಳಿಯಿತು. ಅವರ ಬಾಯಲ್ಲಿ ದಿನಕ್ಕೆ ಅತಿ ಹೆಚ್ಚು ಬರುತ್ತಿದ್ದ ಮಾತೇ ಅದು. ತೆಳ್ಳಗಿನ ಪ್ಲಾಸ್ಟಿಕ್ ಹಾಕೋಣವೇ? ನಕ್ಕೋ. ಈ ಸಲ ಪರೀಕ್ಷೆ ಬಿಟ್ಟುಬಿಡೋಣವೇ? ನಕ್ಕೋ. ಯಜಮಾನರು ಬಂದಾಗ ಸ್ವಲ್ಪ ಎದ್ದು ನಿಂತರೆ? ನಕ್ಕೋ.

ಅವರ ಬಲಗೆನ್ನೆಯ ಮೇಲೆ ಕಿವಿಯಿಂದ ತುಟಿಯವರೆಗೆ ಒಂದು ಹಳೆಯ ಗಾಯದ ಗುರುತಿತ್ತು. ಅವರ ತಂದೆ ಯಶವಂತಪುರದ ಸಂತೆಯ ಹತ್ತಿರ ಗೋಲಿ ಸೋಡಾ ಮಾಡಿ ಮಾರುತ್ತಿದ್ದರಂತೆ. ಚಿಕ್ಕಂದಿನಲ್ಲಿ ಅಂಗಡಿಯಲ್ಲಿ ಆಡುತ್ತಿದ್ದಾಗ ಒಂದು ಬಾಟ್ಲಿ ಸಿಡಿದು ಗಾಜಿನ ಚೂರು ಕೆನ್ನೆ ಸೀಳಿತ್ತು. ಕೂದಲೆಳೆಯಲ್ಲಿ ಕಣ್ಣು ಉಳಿದಿತ್ತು. ಅದನ್ನು ಮುಚ್ಚಿಕೊಳ್ಳಲು ಅವರು ಸೆರಗು ಎಳೆದುಕೊಂಡದ್ದನ್ನು ನಾನು ಕಾಣೆ. ಹೆಣ್ಣು ನೋಡಲು ಬಂದ ಒಬ್ಬ ಹುಡುಗನ ತಾಯಿ ಎಲ್ಲರೆದುರು, "ಈ ಗಾಯ ಹೇಗಾಯ್ತಮ್ಮ?" ಎಂದು ಕೇಳಿದರಂತೆ.

"ನಾನೇನಂದೆ ಗೊತ್ತೇನ್ರೀ? ಗ್ಯಾಸ್ ಜಾಸ್ತಿಯಾಗಿ ಬಾಟ್ಲಿ ಒಡೀತು ಅಮ್ಮಾ. ನಿಮ್ಮ ಮಗನಿಗೂ ಸ್ವಲ್ಪ ಜಾಸ್ತೀನೇ ಇರೋ ಹಾಗಿದೆ, ಹುಷಾರು, ಅಂದೆ." ಇಷ್ಟು ಹೇಳಿ ಚಪಾತಿಯ ತುಂಡನ್ನು ಬಾಯಿಗಿಟ್ಟುಕೊಂಡರು. "ಅವರು ಶರಬತ್ತೂ ಕುಡೀದೆ ಎದ್ದೋದ್ರು. ಅಬ್ಬಾಜಾನ್ ಒಂದು ವಾರ ನನ್ನ ಹತ್ರ ಮಾತಾಡ್ಲಿಲ್ಲ. ಆಮೇಲೆ ಅವರೇ ಮದರಾಸಿಗೆ ಕಳಿಸಿ ಅಚ್ಚಿನ ಕೆಲಸ ಓದಿಸಿದ್ರು."

ನಮ್ಮ ಕಾರ್ಖಾನೆಯ ಯಜಮಾನರು ಹೆಬ್ಬಾಳದ ಕಡೆಯ ಒಕ್ಕಲು ಮನೆತನದವರು. ದ್ರಾಕ್ಷಿ ತೋಟ ಮಾರಿ ಈ ಕಾರ್ಖಾನೆ ಹಾಕಿದ್ದರು. ಕೆಟ್ಟವರಲ್ಲ, ಆದರೆ ಆತುರಗಾರರು. ಎಣ್ಣೆ ಬಾಟ್ಲಿ, ಫಿನಾಯಿಲ್ ಬಾಟ್ಲಿ ಮಾಡಿಕೊಂಡಿದ್ದವರಿಗೆ ಒಂದು ದಿನ ತಂಪು ಪಾನೀಯ ತಯಾರಿಸುವ ಒಂದು ಕಂಪನಿಯಿಂದ ಕೇಳಿಕೆ ಬಂತು: ಗಾಜಿನ ಬದಲು ಗ್ಯಾಸು ತುಂಬುವ ಪ್ಲಾಸ್ಟಿಕ್ ಬಾಟ್ಲಿ ಮಾಡಿಕೊಡಬಲ್ಲಿರಾ? ಯಜಮಾನರು ಹಿಂದುಮುಂದು ನೋಡದೆ ಹೂಂ ಎಂದು, ಹೊರದೇಶದಿಂದ ಹಳೆಯ ಯಂತ್ರವೊಂದನ್ನೂ ತರಿಸಿಬಿಟ್ಟರು. ದಪ್ಪನೆಯ ಪ್ಲಾಸ್ಟಿಕ್ ಕೊಳವೆಯನ್ನು ಬಿಸಿ ಮಾಡಿ, ಅಚ್ಚಿನೊಳಗಿಟ್ಟು ಗಾಳಿ ಊದಿದರೆ ಅದು ಹಿಗ್ಗಿ ಗಾಜಿನಷ್ಟೇ ಪಾರದರ್ಶಕವಾದ ಬಾಟ್ಲಿಯಾಗುತ್ತಿತ್ತು. ನಾವೆಲ್ಲ ಮೊದಲ ದಿನ ಅದರ ಸುತ್ತ ನಿಂತು ಮಗು ನೋಡಿದಂತೆ ನೋಡಿದೆವು.

ಸಮಸ್ಯೆ ಇದ್ದದ್ದು ತಳದಲ್ಲಿ. ಯಜಮಾನರು ಗಾಜಿನ ಬಾಟ್ಲಿಯದೇ ತಳ ಬೇಕೆಂದರು. ಮೇಡಂ ಆಗದು ಎಂದರು.

"ಒಳಗಿರೋ ಗ್ಯಾಸು ಎಲ್ಲಾ ಕಡೇನೂ ಒಂದೇ ಸಮ ತಳ್ಳುತ್ತೆ ಸಾರ್. ಚೌಕವಾಗಿ ಪೂರಿ ಲಟ್ಟಿಸಿ ಎಣ್ಣೆಗೆ ಬಿಡಿ, ಉಬ್ಬೋವಾಗ ಅದು ದುಂಡಗಾಗೋಕೇ ನೋಡುತ್ತೆ. ಚಪ್ಪಟೆ ತಳಾನೂ ಅಷ್ಟೇ, ಉಬ್ಬಿ ಹೊರಗೆ ಬರುತ್ತೆ."

"ಗಾಜಿನ ಬಾಟ್ಲಿ ಅಂಗೇ ನಿಂತದಲ್ರೀ?"

"ಗಾಜು ಒಡೆಯೋ ತನಕ ಬಗ್ಗಲ್ಲ ಸಾರ್. ಇದು ಬಗ್ಗೋ ಜಾತಿ."

"ಅಂಗಾದ್ರೆ ದುಂಡಗೇ ಮಾಡಿ, ಕಥೆ ಮುಗೀತು."

"ದುಂಡಗೆ ಮಾಡಿದ್ರೆ ಗ್ಯಾಸ್ ತಡಿಯುತ್ತೆ. ಮೇಜಿನ ಮೇಲೆ ನಿಲ್ಲಲ್ಲ."

ಹೊರದೇಶದಲ್ಲಿ ದುಂಡು ತಳದ ಬಾಟ್ಲಿಗೆ ಕೆಳಗೊಂದು ಪ್ಲಾಸ್ಟಿಕ್ ಬಟ್ಟಲು ಅಂಟಿಸುತ್ತಿದ್ದರು. ನಮ್ಮಲ್ಲಿ ಅದಕ್ಕೆ ಇನ್ನೊಂದು ಯಂತ್ರ ಬೇಕು, ಇನ್ನೊಂದು ಪರವಾನಗಿ ಬೇಕು. ಯಜಮಾನರ ಕೈಲಿ ಆಗುವ ಮಾತಲ್ಲ. ಮೇಡಂ ಬೇರೊಂದು ನಕ್ಷೆ ಬರೆದರು. ತಳ ಬೋಗುಣಿಯಂತೆ ದುಂಡಗಿರಬೇಕು, ಅದರಿಂದಲೇ ಸುತ್ತ ಐದು ಕಾಲು ಹೊರಟು ನೆಲ ಮುಟ್ಟಬೇಕು. ಅಚ್ಚು ಕೊರೆಯುವ ನಮ್ಮ ಮೇಸ್ತ್ರಿ, ಕಾರ್ಖಾನೆಯ ಎಲ್ಲರಿಗಿಂತ ಹಿರಿಯರು, ಮೊದಲ ಬಾಟ್ಲಿಯನ್ನು ತಲೆಕೆಳಗೆ ಹಿಡಿದು ನೋಡಿ, "ಏನಮ್ಮಾ ಇದು, ಬಾಟ್ಲಾ, ಹಸುವಿನ ಕೆಚ್ಚಲಾ?" ಎಂದರು.

"ಕೆಚ್ಚಲೇ ಮೇಸ್ತ್ರಿ. ಹಾಲು ತುಂಬಿ ಕೆಚ್ಚಲು ಒಡೆದಿದ್ದು ಎಲ್ಲಾದ್ರೂ ನೋಡಿದೀರಾ?"

ಅಂದಿನಿಂದ ಅದಕ್ಕೆ ಕೆಚ್ಚಲು ಬಾಟ್ಲಿ ಎಂದೇ ಹೆಸರಾಯಿತು. ಯಜಮಾನರಿಗೆ ಮಾತ್ರ ಅದು ಕಣ್ಣಿಗೆ ಹಿಡಿಸಲಿಲ್ಲ. ಮೇಡಂಗೆ ತಿಳಿಸದೆ ಪೇಟೆಯ ಇನ್ನೊಂದು ಕಡೆ ಚಪ್ಪಟೆ ತಳದ ಅಚ್ಚನ್ನೂ ಮಾಡಿಸಿಬಿಟ್ಟರು. ಅದರ ಬಾಟ್ಲಿಗಳು ನೋಡಲು ಚೆಂದ. ಗ್ಯಾಸು ತುಂಬಿ ಬಿಸಿಲಿಗಿಟ್ಟರೆ ತಳ ಟಪ್ಪೆಂದು ಹೊರಗೆ ಉಬ್ಬಿ, ಬಾಟ್ಲಿ ಕುಡಿದವರಂತೆ ತೂರಾಡಿ ಬೀಳುತ್ತಿತ್ತು.

ಕಂಪನಿಯವರು ಬಾಟ್ಲಿ ನೋಡಲು ಬರುವ ದಿನ ಗೊತ್ತಾಯಿತು. ಹಿಂದಿನ ಸಂಜೆ ಯಜಮಾನರು ಪರೀಕ್ಷಾ ಕೋಣೆಗೆ ಬಂದು ನನಗೆ ಮೆಲ್ಲಗೆ ಹೇಳಿದರು: "ನೋಡಮ್ಮ, ನಾಳೆ ಮೇಜಿನ ಮೇಲೆ ಇಡೋ ಬಾಟ್ಲಿಗೆ ಗ್ಯಾಸು ಅರ್ಧ ಆಕಿದ್ರೆ ಸಾಕು. ಒಂದು ಗಂಟೆ ನಿಂತ್ರೆ ಸಾಕು ನಂಗೆ." ನಾನು ನೇರವಾಗಿ ಮೇಡಂ ಬಳಿ ಹೋಗಿ ವಿಷಯ ಹೇಳಿದೆ. ಅವರು ಕ್ಯಾಲಿಪರನ್ನು ಜೇಬಿಗಿಟ್ಟರು. "ಅವರು ಹೇಳಿದ ಹಾಗೇ ತುಂಬಿ," ಎಂದರು. "ನಿಮ್ಮ ಕೆಲಸಕ್ಕೆ ತೊಂದರೆ ಬೇಡ. ಎರಡು ಬಾಟ್ಲಿಗೆ ಮಾತ್ರ ಪೂರ್ತಿ ತುಂಬಿ ನನಗೆ ಕೊಡಿ. ಚಪ್ಪಟೆದು ಒಂದು, ನನ್ನದೊಂದು."

ಮರುದಿನ ಕಂಪನಿಯಿಂದ ಮೂವರು ಬಂದರು. ಅವರಲ್ಲಿ ಹಿರಿಯರು ತಲೆ ಪೂರ್ತಿ ನೆರೆತ ಒಬ್ಬ ಎಂಜಿನಿಯರು. ಮೇಜಿನ ಮೇಲೆ ಚಪ್ಪಟೆ ತಳದ ಬಾಟ್ಲಿಗಳು ಸಿಪಾಯಿಗಳಂತೆ ನಿಂತಿದ್ದವು. ಯಜಮಾನರು ಬೋಂಡಾ, ಕಾಫಿ ತರಿಸಿದ್ದರು. ಎಲ್ಲರೂ ಭೇಷ್ ಭೇಷ್ ಎನ್ನುತ್ತಿರುವಾಗ ಮೇಡಂ ಒಳಗೆ ಬಂದರು. ಎರಡು ಕೈಯಲ್ಲೂ ಒಂದೊಂದು ಬಾಟ್ಲಿ.

"ಈ ಮೇಜಿನ ಮೇಲಿರೋದ್ರಲ್ಲಿ ಗ್ಯಾಸು ಅರ್ಧ ಇದೆ ಸಾರ್," ಎಂದು ಆ ಹಿರಿಯರಿಗೆ ಹೇಳಿದರು. "ಪೂರ್ತಿ ಇರೋದು ಇವೆರಡರಲ್ಲಿ. ಬನ್ನಿ, ತಾರಸಿ ಮೇಲೆ ಇಟ್ಟು ನೋಡೋಣ."

ಕೋಣೆಯಲ್ಲಿ ಬೋಂಡಾ ಅಗಿಯುವ ಸದ್ದೂ ನಿಂತುಹೋಯಿತು. ಆ ಹಿರಿಯರು ಕಾಫಿ ಲೋಟ ಕೆಳಗಿಟ್ಟು ಎದ್ದರು. ಅವರ ಹಿಂದೆ ಉಳಿದವರೂ ಎದ್ದರು.

ಬೇಸಿಗೆಯ ನಡುಮಧ್ಯಾಹ್ನ. ಸಿಮೆಂಟಿನ ತಾರಸಿ ಕಾದ ಹೆಂಚಿನಂತಿತ್ತು. ಎರಡು ಬಾಟ್ಲಿಗಳನ್ನೂ ಅಕ್ಕಪಕ್ಕ ನಿಲ್ಲಿಸಿ ನಾವೆಲ್ಲ ನೀರಿನ ತೊಟ್ಟಿಯ ನೆರಳಲ್ಲಿ ನಿಂತೆವು. ಸ್ವಲ್ಪ ಹೊತ್ತಿಗೇ ಚಪ್ಪಟೆ ತಳ ಟಪ್ಪೆಂದಿತು. ಬಾಟ್ಲಿ ಓಲಾಡಿ ಅಡ್ಡ ಬಿತ್ತು. ಕೆಚ್ಚಲು ಬಾಟ್ಲಿ ನಿಂತೇ ಇತ್ತು. ನನ್ನ ಎದೆ ಹಿಗ್ಗಿತು. ಮೇಸ್ತ್ರಿ ಕೆಮ್ಮಿ ನಗೆ ಅಡಗಿಸಿದರು. ಅಷ್ಟರಲ್ಲಿ ಸುಯ್ಯೆಂದು ಸದ್ದಾಯಿತು. ಅದರ ತಳದ ನಡುವೆ ಸೀಳು ಬಿಟ್ಟು ಒಳಗಿದ್ದ ಸೋಡಾ ನೀರೆಲ್ಲ ಹರಿದು ಆ ಹಿರಿಯರ ಬೂಟು ತೋಯಿಸಿತು.

ಮೇಡಂ ಮುಂದೆ ಹೋಗಿ ಖಾಲಿಯಾದ ಬಾಟ್ಲಿಯನ್ನು ಎತ್ತಿ ಅವರೆದುರು ಹಿಡಿದರು.

"ಇದೂ ಸೋಲ್ತು ಸಾರ್. ಆದ್ರೆ ಹೇಗೆ ಸೋಲ್ತು ನೋಡಿದ್ರಾ? ನಿಂತ್ಕೊಂಡೇ ಸೋಲ್ತು. ಬಿದ್ದು ಸೋಲೋದನ್ನ ರಿಪೇರಿ ಮಾಡೋಕಾಗಲ್ಲ. ಇದನ್ನ ಮಾಡ್ಬಹುದು."

ಆ ಹಿರಿಯರು ಒದ್ದೆ ಬೂಟು ನೋಡಿಕೊಂಡರು, ಸೀಳಿದ ತಳವನ್ನು ನೋಡಿದರು. "ಮಳೆ ಹಿಡಿಯೋಕೆ ಮುಂಚೆ ಸರಿಯಾದ್ರೆ ಹೇಳಿ ಕಳಿಸಿ," ಎಂದಷ್ಟೇ ಹೇಳಿ ಕೆಳಗಿಳಿದು ಕಾರು ಹತ್ತಿದರು.

ಕಾರು ಗೇಟು ದಾಟಿತೋ ಇಲ್ಲವೋ, ಯಜಮಾನರ ಕೂಗು ಇಡೀ ಕಾರ್ಖಾನೆಗೆ ಕೇಳಿಸಿತು. "ತೋಟ ಮಾರಿ ಕಟ್ಟಿದ್ದು ಕಣ್ರೀ ಇದು! ಬಂದೋರ ಮುಂದೆ ಇಂಗೆ ನನ್ನ ಮಾನ ಕಳೆದ್ಬಿಟ್ರಲ್ಲ! ಓಗಿ, ನಾಳೆಯಿಂದ ಈ ಕಡೆ ತಲೆ ಆಕ್ಬೇಡಿ!"

ಮೇಡಂ ಕೋಟು ಕಳಚಿ ಗೂಟಕ್ಕೆ ಹಾಕಿ ಹೊರಟುಹೋದರು. ಅಂದು ಬಸ್ಸಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ಗೇಟಿನ ಹತ್ತಿರ ಬಂದಾಗ ಅವರು ಕಾವಲುಗಾರನ ಎದುರು ನಿಂತಿದ್ದರು. ಗಂಜಿ ಹಾಕಿದ ಸೀರೆ, ಕೈಯಲ್ಲಿ ಊಟದ ಡಬ್ಬಿ ಇಲ್ಲ. ರಂಜಾನ್ ಉಪವಾಸ ಆಗಷ್ಟೇ ಶುರುವಾಗಿತ್ತು.

"ಒಳಗೆ ಬಿಡ್ಬೇಡ ಅಂದವ್ರೆ ಮೇಡಂ," ಎಂದು ಅವನು ತಲೆ ಕೆರೆದುಕೊಂಡ.

"ಬಿಡ್ಬೇಡ ಅಂತ ಹೇಳಿದ್ದು ನಿನಗೆ ತಾನೆ? ನೀನು ಬಿಡ್ಬೇಡಪ್ಪ. ನಾನು ಹೋಗ್ತೀನಿ," ಎಂದು ಅವನ ಪಕ್ಕದಿಂದಲೇ ದಾಟಿ ಒಳಗೆ ಹೋದರು.

ಗೂಟದಿಂದ ಕೋಟು ತೆಗೆದು ಹಾಕಿಕೊಂಡು ಬೋರ್ಡಿನ ಮುಂದೆ ನಿಂತರು. ಯಜಮಾನರು ಬಂದು ಬಾಗಿಲಲ್ಲೇ ನಿಂತುಬಿಟ್ಟರು.

"ನೆನ್ನೆ ನಿಮ್ಮನ್ನ ಕೆಲಸದಿಂದ ತೆಗೆದ್ನಲ್ರೀ?"

"ಹೌದು ಸಾರ್, ಕೇಳಿಸ್ತು. ಇದು ಮುಗಿದ್ಮೇಲೆ ಹೋಗ್ತೀನಿ."

"ಸಂಬಳ ಕೊಡಾಕಿಲ್ಲ ಮತ್ತೆ!"

"ಕೇಳಿದ್ನಾ?"

ಯಜಮಾನರು ಆಳು ಕಳಿಸಿ ಅವರ ಕುರ್ಚಿ ತೆಗೆಸಿದರು. "ನಿಂತು ಬರೆಯೋ ಬೋರ್ಡಿಗೆ ಕುರ್ಚಿ ಯಾಕೆ, ತಗೊಂಡೋಗಿ," ಎಂದರು ಮೇಡಂ. ಮಧ್ಯಾಹ್ನ ನಾನು ಪರೀಕ್ಷಾ ಕೋಣೆಯ ಸ್ಟೂಲು ತಂದಿಟ್ಟೆ. ಅದನ್ನು ತೆಗೆಸಲು ಯಾರೂ ಬರಲಿಲ್ಲ. ಯಜಮಾನರು ದಿನಾ ತಮ್ಮ ಕೋಣೆಯ ಕಿಟಕಿಯಿಂದ ನೋಡುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ಅವರಿಗೂ ಬೇರೆ ದಾರಿಯಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ನಾನೊಮ್ಮೆ ತಡೆಯಲಾರದೆ ಕೇಳಿದೆ: "ಇಷ್ಟು ಅವಮಾನ ಮಾಡಿದೋರಿಗೆ ಯಾಕೆ ಮೇಡಂ ಪುಕ್ಕಟೆ ದುಡೀತೀರಾ?"

"ಅವರಿಗಲ್ಲ ಕಣ್ರೀ. ನಾಳೆ ಈ ಬಾಟ್ಲಿ ಅಂಗಡಿ ಅಂಗಡಿಗೆ ಹೋಗುತ್ತೆ. ಯಾವುದೋ ಮಗು ಎರಡೂ ಕೈಯಲ್ಲಿ ಹಿಡ್ಕೊಂಡು ಮುಚ್ಚಳ ತಿರುಗಿಸುತ್ತೆ. ಬಾಟ್ಲಿ ಅದರ ಮುಖದ ಹತ್ತಿರ ಇರುತ್ತೆ." ಅಷ್ಟು ಹೇಳಿ ಮತ್ತೆ ಗರಗಸ ತೆಗೆದುಕೊಂಡರು.

ಗರಗಸ ಏಕೆಂದರೆ, ಒಡೆದ ಬಾಟ್ಲಿಗಳ ತಳವನ್ನೆಲ್ಲ ಅಡ್ಡಡ್ಡ ಕೊಯ್ದು ಸೀಳು ಎಲ್ಲಿಂದ ಶುರುವಾಗಿದೆ ಎಂದು ನೋಡುತ್ತಿದ್ದರು. ಮೇಜಿನ ತುಂಬ ಅರ್ಧ ಕೊಯ್ದ ಕೆಚ್ಚಲುಗಳು. ಕ್ಯಾಲಿಪರಿನಿಂದ ಅಳೆಯುವುದು, ಕಿಟಕಿಯ ಬೆಳಕಿಗೆ ಹಿಡಿಯುವುದು, ಬದಿಗಿಡುವುದು. ಕೊನೆಗೊಂದು ದಿನ ನನ್ನನ್ನೂ ಮೇಸ್ತ್ರಿಯನ್ನೂ ಕೂಗಿ ಕರೆದರು.

"ನಾನು ತಪ್ಪು ಮಾಡಿದೀನಿ ನೋಡಿ," ಎಂದು ಗೆದ್ದವರ ಧ್ವನಿಯಲ್ಲಿ ಹೇಳಿದರು. "ಕಾಲು ಗಟ್ಟಿಯಾಗಿರ್ಲಿ ಅಂತ ದಪ್ಪ ದಪ್ಪ ಕಾಲು ಬರೆದೆ. ಕಾಲಿಗೂ ಕಾಲಿಗೂ ಮಧ್ಯೆ ಇರೋ ಓಣಿ ಇಕ್ಕಟ್ಟಾಯ್ತು. ಒತ್ತಡ ಹೊರೋದು ಕಾಲಲ್ಲ, ಈ ಓಣಿ. ಇದೇ ನಮ್ಮ ದುಂಡು ಬೋಗುಣಿಯಲ್ಲಿ ಉಳಿದಿರೋ ಭಾಗ. ಕಾಲು ಇರೋದು ನಿಲ್ಲೋಕೆ ಮಾತ್ರ. ಮೇಸ್ತ್ರಿ, ಓಣಿ ಅಗಲ ಮಾಡಿ, ಮೂಲೆಗಳನ್ನೆಲ್ಲ ಮೆತ್ತಗೆ ಸವರಿ. ಎಲ್ಲೂ ಚೂಪು ಇರಬಾರದು."

ಮೇಸ್ತ್ರಿ ಅಚ್ಚನ್ನು ಬಿಚ್ಚಿ, ಯಜಮಾನರ ಅಪ್ಪಣೆಗೂ ಕಾಯದೆ ಲೋಹ ಉಜ್ಜುವ ಅರ ಹಿಡಿದು ಕೂತರು.

ಹೊಸ ಬಾಟ್ಲಿಗಳು ತಾರಸಿ ಏರಿದವು. ಉಪವಾಸದ ತಿಂಗಳು, ತಲೆಯ ಮೇಲೆ ಬೆಂಕಿಯಂಥ ಬಿಸಿಲು, ಗಂಟಲಿಗೆ ಹನಿ ನೀರಿಲ್ಲ. ಆದರೂ ಹೊತ್ತುಹೊತ್ತಿಗೆ ಕಬ್ಬಿಣದ ಏಣಿ ಹತ್ತಿ, ತಣ್ಣಗಿನ ಪಾನೀಯಕ್ಕೆಂದು ಮಾಡಿದ ಆ ಬಾಟ್ಲಿಗಳನ್ನು ನೋಡಿಕೊಂಡು ಬರುತ್ತಿದ್ದರು. "ನೀವು ಹತ್ಬೇಡಿ ಮೇಡಂ, ನಾನು ನೋಡ್ತೀನಿ," ಎಂದೆ.

"ನಕ್ಕೋ. ಅದರ ಹೊಟ್ಟೆಯಲ್ಲಿ ಗ್ಯಾಸು, ನನ್ನ ಹೊಟ್ಟೆಯಲ್ಲಿ ಹಸಿವು. ಯಾರು ಮೊದಲು ಸೋಲ್ತಾರೋ ನೋಡೇಬಿಡೋಣ."

ಇಬ್ಬರೂ ಸೋಲಲಿಲ್ಲ. ಹಬ್ಬ ಕಳೆದು ಅವರು ಡಬ್ಬಿ ತುಂಬ ಶೀರ್ ಖುರ್ಮಾ ಪಾಯಸ ತಂದ ದಿನವೂ ಆ ಬಾಟ್ಲಿಗಳು ತಾರಸಿಯ ಮೇಲೆ ಐದೂ ಕಾಲೂರಿ ನಿಂತಿದ್ದವು. ಯಜಮಾನರೇ ಕಂಪನಿಗೆ ಫೋನು ಮಾಡಿದರು. ತಲೆ ನೆರೆತ ಹಿರಿಯರು ಮತ್ತೆ ಬಂದು, ಒಂದು ಬಾಟ್ಲಿಯನ್ನು ಒತ್ತಿ ನೋಡಿ, ಕುಲುಕಿ ನೋಡಿ, ಯಾರಿಗೂ ಹೇಳದೆ ಭುಜದೆತ್ತರದಿಂದ ಕೆಳಕ್ಕೆ ಬಿಟ್ಟರು. ಅದು ನೆಲಕ್ಕೆ ಬಡಿದು, ಪುಟಿದು, ಉರುಳಿ ಮೂಲೆ ಸೇರಿತು. ಒಡೆಯಲಿಲ್ಲ. ಅವರು ಅದನ್ನು ಎತ್ತಿ ತಂದು ಮೇಡಂ ಕೈಗೆ ಕೊಟ್ಟು, ಯಜಮಾನರ ಕಡೆ ತಿರುಗಿ, "ಇದೇ ಬೇಕು," ಎಂದರು.

ಅಂದು ಸಂಜೆ ಯಜಮಾನರು ಮೇಡಂ ಅವರ ಹಳೆಯ ಕುರ್ಚಿಯನ್ನು ತಾವೇ ಎತ್ತಿಕೊಂಡು ಬಂದು ಬೋರ್ಡಿನ ಮುಂದಿಟ್ಟರು. "ಆಗಿದ್ದು ಆಗೋಯ್ತು. ಕೂತ್ಕಳಿ ಮೇಡಂ. ನಾಳೆಯಿಂದ ಇನ್ನೊಂದು ಸೈಜಿನ ಬಾಟ್ಲಿ ಶುರು ಮಾಡಾಣ," ಎಂದರು.

ಅವರು ಕೂರಲಿಲ್ಲ. ಕೋಟು ಕಳಚಿ, ಕ್ಯಾಲಿಪರನ್ನು ಮಾತ್ರ ಕೈಚೀಲಕ್ಕೆ ಹಾಕಿಕೊಂಡರು. "ಮುಗಿದ್ಮೇಲೆ ಹೋಗ್ತೀನಿ ಅಂದಿದ್ನಲ್ಲ ಸಾರ್. ಮುಗೀತು."

ಯಜಮಾನರು ಕುರ್ಚಿಯನ್ನು ಇನ್ನಷ್ಟು ಮುಂದೆ ತಳ್ಳಿದರು. "ಅಂಗಾದ್ರೆ... ಏನಾರ ಕೇಳಿ ಮೇಡಂ. ಬರಿಗೈಲಿ ಕಳಿಸ್ದೆ ಅನ್ನೋ ಮಾತು ನಂಗೆ ಬ್ಯಾಡ."

"ಹೆಂಗಸರಿಗೆ ಒಂದು ಕಕ್ಕಸು ಕಟ್ಟಿಸಿ."

ಆ ಕಾರ್ಖಾನೆಯಲ್ಲಿ ನಮಗೆ ಅದಿರಲಿಲ್ಲ. ಬೆಳಿಗ್ಗೆಯಿಂದ ನೀರು ಕುಡಿಯದೆ ಇರುವುದು, ತಡೆಯದಾದಾಗ ಹಿಂದಿನ ಬೀದಿಯ ಒಂದು ಮನೆಯವರನ್ನು ಬೇಡಿಕೊಳ್ಳುವುದು, ಇದನ್ನು ನಾವು ಯಾರ ಮುಂದೆಯೂ ಆಡಿರಲಿಲ್ಲ. ಗಂಡಸರ ನಡುವೆ ಆ ಮಾತನ್ನು ಅಷ್ಟು ಜೋರಾಗಿ ಕೇಳಿ ನನ್ನ ಮುಖ ಕೆಂಪಾಯಿತು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. "ಇನ್ನೊಂದು ತಿಂಗಳಲ್ಲಿ ಆಗ್ಬೇಕು," ಎಂದು ಹೇಳಿ ಗೇಟಿನತ್ತ ನಡೆದರು.

ಅವರು ಬಾಗಲಗುಂಟೆಯಲ್ಲಿ ಒಂದು ಶೆಡ್ಡು ಹಿಡಿದು ತಮ್ಮದೇ ಅಚ್ಚಿನ ಕೆಲಸ ಶುರು ಮಾಡಿದರು. ಮೇಸ್ತ್ರಿಯೂ ಕೆಲವು ದಿನಗಳಲ್ಲಿ ಅಲ್ಲಿಗೇ ಹೋದರು. ಕೊನೆಯವರೆಗೂ ಮೇಡಂ ಯಾರ ಕೈಕೆಳಗೂ ದುಡಿಯಲಿಲ್ಲ. ನಾನು ಮೊದಲ ಸಲ ಅವರ ಶೆಡ್ಡಿಗೆ ಹೋದದ್ದು ಕಕ್ಕಸಿನ ಸುದ್ದಿ ಹೇಳುವುದಕ್ಕೇ. ಮೇಡಂ ಅರದ ಪುಡಿ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಕೇಳಿಸಿಕೊಂಡರು.

"ಕಟ್ಟಿಸಿಬಿಟ್ರು ಮೇಡಂ! ಗೋಡೆಗೆ ಸುಣ್ಣಾನೂ ಆಯ್ತು."

"ಒಳಗಡೆ ಚಿಲಕ ಇದೆಯಾ?"

"ಇದೆ."

"ನಲ್ಲಿ?"

"ಇದೆ."

"ನೀರು ಬರುತ್ತಾ?"

ನಾನು ತಡವರಿಸಿದೆ. "ಇನ್ನೂ ಪೈಪು ಕೂಡಿಸಿಲ್ಲ. ನಿಧಾನವಾಗಿ ಮಾಡಿಸ್ತಾರಂತೆ. ಇರ್ಲಿ ಬಿಡಿ ಮೇಡಂ, ಇಷ್ಟಾಯ್ತಲ್ಲ."

ಅವರು ಬಟ್ಟೆ ಕೆಳಗಿಟ್ಟರು. "ನಾಳೆ ಬರ್ತೀನಿ ಅಂತ ಹೇಳಿ ಅವರಿಗೆ."

ನಾನು ಹೇಳಲಿಲ್ಲ, ಧೈರ್ಯ ಸಾಲಲಿಲ್ಲ. ಮರುದಿನ ಬೆಳಿಗ್ಗೆ ಯಜಮಾನರು ಕಾರಿನಿಂದ ಇಳಿದು ತಮ್ಮ ಕೋಣೆಯ ಬಾಗಿಲು ತೆಗೆದಾಗ, ಎದುರು ಕುರ್ಚಿಯಲ್ಲಿ ಮೇಡಂ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ನಲ್ಲಿಯಲ್ಲಿ ನೀರು ಬಂತು.